ಸಾಕುಮೊಲದ ಮೈ ಕೊಳೆಯಾದರೆ ಸ್ನಾನ ಬೇಡ, ಕಾರಣ ಹುಡುಕಿ

ಹಾವೇರಿ: ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರೆಗಿನ ಸೀಮೆಯಲ್ಲಿ ಎತ್ತು, ಹೋರಿಗಳ ಆರೈಕೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಬ್ಬದ ಹೋರಿಯನ್ನು ನೀರಿಗೆ ಇಳಿಸಿ, ಮೈ ಉಜ್ಜಿ ತೊಳೆದು ಸಿಂಗರಿಸುವುದು ಇಲ್ಲಿನ ರೂಢಿ. ಆದರೆ ಮಕ್ಕಳ ಆಸೆಗೆಂದು ಪೇಟೆಯ ಮನೆಗಳಿಗೆ ಬರುವ ಮೊಲಕ್ಕೆ ಇದೇ ರೂಢಿಯನ್ನು ಅನ್ವಯಿಸುವುದು ಅಪಾಯಕಾರಿ. ಮೈ ಕೊಳೆಯಾಗಿದೆ, ವಾಸನೆ ಬರುತ್ತಿದೆ ಎಂದು ಬಕೆಟ್ ನೀರಿನಲ್ಲಿ ಮುಳುಗಿಸಿ ತೊಳೆದರೆ ಮೊಲ ಸಾಯುವ ಸಾಧ್ಯತೆಯೂ ಉಂಟು.

ಮೊಲ ಬೆಕ್ಕಿನಂತೆ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಪ್ರಾಣಿ. ಆರೋಗ್ಯವಂತ ಮೊಲದ ಮೈಯಿಂದ ದುರ್ವಾಸನೆ ಬರುವುದಿಲ್ಲ. ಆದ್ದರಿಂದ ಮೊಲ ಕೊಳಕಾಗಿದೆ ಎಂದರೆ ಆಹಾರ, ಹಲ್ಲು, ತೂಕ, ಕೀಲು, ಮೂತ್ರಕೋಶ ಅಥವಾ ಗೂಡು, ಇವುಗಳಲ್ಲಿ ಎಲ್ಲೋ ತೊಂದರೆ ಇದೆ ಎಂದೇ ತಿಳಿಯಬೇಕು. ಕೊಳೆಯನ್ನು ತೆಗೆಯುವುದು ಅರ್ಧ ಕೆಲಸ ಮಾತ್ರ. ಕಾರಣ ಉಳಿದರೆ ಕೊಳೆ ಮತ್ತೆ ಬರುತ್ತದೆ.

ಕಾಡುಮೊಲ ಬೇರೆ, ಸಾಕುಮೊಲ ಬೇರೆ

ಕನ್ನಡದಲ್ಲಿ ಎರಡಕ್ಕೂ ಮೊಲ ಎಂಬ ಒಂದೇ ಹೆಸರಿದ್ದರೂ ಇವು ಬೇರೆ ಬೇರೆ ಪ್ರಾಣಿಗಳು. ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಓಡಾಡುವುದು ಲೇಪಸ್ ನೈಗ್ರಿಕಾಲಿಸ್ ಎಂಬ ಕಾಡುಮೊಲ. ಅದು ನೆಲದ ಮೇಲೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಬದುಕುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ರಕ್ಷಣೆ ಇರುವುದರಿಂದ ಅದನ್ನು ಹಿಡಿದು ಮನೆಯಲ್ಲಿ ಸಾಕುವಂತಿಲ್ಲ.

ಅಂಗಡಿಗಳಲ್ಲಿ ದೊರೆಯುವ ಬಿಳಿ, ಬೂದು, ಕಂದು ಮೊಲಗಳೆಲ್ಲ ಯುರೋಪಿನ ಬಿಲವಾಸಿ ಮೊಲದ ವಂಶದವು. ತಂಪಾದ ಬಿಲದಲ್ಲಿ ಗುಂಪಾಗಿ ಬದುಕುವುದು ಅವುಗಳ ಸ್ವಭಾವ. ಬಯಲುಸೀಮೆಯ ಬಿಸಿಲು, ಮಳೆಗಾಲದ ತೇವ, ತಂತಿ ಗೂಡಿನ ನೆಲ ಇವು ಯಾವುವೂ ಅವುಗಳಿಗೆ ಸಹಜವಲ್ಲ. ಶುಚಿತ್ವದ ಬಹುತೇಕ ತೊಂದರೆಗಳ ಮೂಲ ಇಲ್ಲಿದೆ. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಮೊಲ ತನ್ನ ನೋವನ್ನು ಹೊರಗೆ ತೋರಿಸುವುದಿಲ್ಲ. ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಉಲ್ಬಣಿಸಿರುತ್ತದೆ. ದಿನವೂ ಮೈ ಮುಟ್ಟಿ ನೋಡುವ ಅಭ್ಯಾಸ ಬೇಕೆನ್ನುವುದು ಈ ಕಾರಣಕ್ಕೆ.

ಸ್ನಾನ ಏಕೆ ಕೂಡದು?

ಮೊಲದ ಒಳಗೂದಲು ಬಹಳ ದಟ್ಟ. ಒಮ್ಮೆ ನೆನೆದರೆ ಒಣಗಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮೈ ಉಷ್ಣತೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನೆನೆದ ಚರ್ಮ ಸುಲಭವಾಗಿ ಹರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಭಯದ್ದು. ನೀರಿನಲ್ಲಿ ಹಿಡಿದಿಟ್ಟಾಗ ಮೊಲ ಹಿಂಗಾಲು ಝಾಡಿಸಿ ಒದೆಯುತ್ತದೆ. ಹಿಂಗಾಲಿನ ಸ್ನಾಯುಗಳು ಬಲಶಾಲಿ, ಮೂಳೆಗಳು ಮಾತ್ರ ಹಗುರ. ಆ ಒದೆತಕ್ಕೇ ಬೆನ್ನುಮೂಳೆ ಮುರಿದು ಹಿಂಗಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ತೀವ್ರ ಭಯದಿಂದ ಕರುಳಿನ ಚಲನೆ ನಿಲ್ಲುವುದೂ ಉಂಟು.

ಮೊಲವನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಬೇಕು. ಕಿವಿ ಹಿಡಿದು ಎತ್ತುವುದು ಸರ್ವಥಾ ತಪ್ಪು. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಸುಮ್ಮನಿರುತ್ತದೆ. ಅದು ಹಿತವೆನಿಸಿ ಸುಮ್ಮನಿರುವುದಲ್ಲ, ಪ್ರಾಣಭಯದಿಂದ ಸ್ತಬ್ಧವಾಗಿರುವುದು. ಆರೈಕೆಯ ಕೆಲಸಗಳನ್ನು ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಟವೆಲ್ ಹಾಸಿ ಮಾಡುವುದು ಸುರಕ್ಷಿತ. ಕೈತಪ್ಪಿದರೂ ಎತ್ತರದಿಂದ ಬೀಳುವುದಿಲ್ಲ.

ಹಿಂಭಾಗ ಕೊಳೆಯಾಗುವುದು: ಮೂರು ಕಾರಣಗಳು

ಸಾಕುವವರು ಹೆಚ್ಚಾಗಿ ಕಾಣುವ ತೊಂದರೆ ಇದು. ಹಿಂಭಾಗಕ್ಕೆ ಅಂಟಿದ್ದು ಏನು ಎಂಬುದನ್ನು ಮೊದಲು ಗುರುತಿಸಬೇಕು.

ಒಂದು, ಮೆತ್ತನೆಯ ಹಿಕ್ಕೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗುಂಡಗಿನ ಒಣ ಹಿಕ್ಕೆ ಎಲ್ಲರಿಗೂ ಪರಿಚಿತ. ಇನ್ನೊಂದು, ಸಣ್ಣ ದ್ರಾಕ್ಷಿ ಗೊಂಚಲಿನಂತೆ ಕಾಣುವ ಮೆತ್ತನೆಯ ಹೊಳಪಿನ ಹಿಕ್ಕೆ. ಕುರುಡುಗರುಳಿನಲ್ಲಿ ಹುದುಗಿ ಬರುವ ಇದರಲ್ಲಿ ಬಿ ಜೀವಸತ್ವ ಮತ್ತು ಪ್ರೋಟೀನ್ ಇರುತ್ತವೆ. ಮೊಲ ಇದನ್ನು ನೇರವಾಗಿ ಬಾಯಿಂದ ಎತ್ತಿಕೊಂಡು ತಿನ್ನುತ್ತದೆ. ಇದು ಸಹಜ ಕ್ರಿಯೆ, ತಡೆಯಬಾರದು. ಈ ಹಿಕ್ಕೆ ತಿನ್ನದೆ ಉಳಿದು ಕೂದಲಿಗೆ ಮೆತ್ತಿಕೊಂಡಿದ್ದರೆ, ಕಾಳು ಮತ್ತು ಸಿಹಿ ಪದಾರ್ಥ ಹೆಚ್ಚಾಗಿರಬಹುದು, ಮೊಲ ದಪ್ಪವಾಗಿ ಬಾಗಲಾರದೆ ಇರಬಹುದು, ಇಲ್ಲವೆ ಹಲ್ಲು, ಬೆನ್ನು, ಕೀಲುಗಳಲ್ಲಿ ನೋವಿರಬಹುದು.

ಎರಡು, ನಿಜವಾದ ಭೇದಿ. ಒಣ ಹಿಕ್ಕೆ ಪೂರ್ತಿ ನಿಂತು ನೀರಿನಂತಹ ಮಲವೇ ಹೋಗುತ್ತಿದ್ದರೆ ಅದು ತುರ್ತು ಸ್ಥಿತಿ. ಮರಿಗಳಲ್ಲಂತೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ. ಮನೆಮದ್ದಿಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮೂರು, ಮೂತ್ರ. ತೊಡೆಯ ಒಳಭಾಗ ಸದಾ ಒದ್ದೆಯಾಗಿ, ಕೂದಲು ಉದುರಿ, ಚರ್ಮ ಕೆಂಪಗಾಗಿದ್ದರೆ ಮೂತ್ರದ ಸುಡುವಿಕೆ ಎಂದರ್ಥ. ಮೊಲ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರ ತುಸು ಬೆಳ್ಳಗೆ, ಮಂದವಾಗಿರುವುದು ಸಹಜ. ಪೇಸ್ಟಿನಂತೆ ಗಟ್ಟಿಯಾಗಿದ್ದರೆ ಮೂತ್ರಕೋಶದಲ್ಲಿ ಮರಳು ಶೇಖರವಾಗಿದೆ ಎಂದು ಶಂಕಿಸಬೇಕು. ತಿಂದ ಸೊಪ್ಪಿನ ಬಣ್ಣಕಗಳಿಂದ ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವುದೂ ಇದೆ. ಅದು ದಿನವೊಂದೆರಡರಲ್ಲಿ ಸರಿಹೋಗದಿದ್ದರೆ ಅಥವಾ ರಕ್ತದ ಹನಿಗಳು ಪ್ರತ್ಯೇಕವಾಗಿ ಕಂಡರೆ ಪರೀಕ್ಷೆ ಅಗತ್ಯ. ಸಂತಾನಹರಣ ಚಿಕಿತ್ಸೆ ಆಗದ, ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯವಾಗಿ ಕಾಣುವ ಕಾಯಿಲೆ, ಅದರ ಮೊದಲ ಲಕ್ಷಣ ಮೂತ್ರದಲ್ಲಿ ರಕ್ತ.

ಶುಚಿಗೊಳಿಸುವ ಕ್ರಮ

ಒಣಗಿ ಅಂಟಿದ್ದನ್ನು ಜಗ್ಗಿ ಕೀಳಬಾರದು. ಚರ್ಮವೇ ಕಿತ್ತು ಬರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಕೊಳೆಯ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಮೆತ್ತಗಾದ ಮೇಲೆ ಬೆರಳಿನಿಂದ ಬಿಡಿಸುತ್ತ ಬರಬೇಕು. ಕೊಳೆ ಬಹಳವಿದ್ದರೆ ಆ ಭಾಗವನ್ನಷ್ಟೇ ಒಂದೆರಡು ಇಂಚು ನೀರಿನಲ್ಲಿ ತೊಳೆಯಬಹುದು, ಉಳಿದ ಮೈ ನೆನೆಯಬಾರದು. ಮನುಷ್ಯರ ಶಾಂಪೂ, ಸೋಪು, ಡೆಟ್ಟಾಲ್, ಬೇವಿನೆಣ್ಣೆ ಯಾವುದನ್ನೂ ಬಳಸಬಾರದು. ಮೈಗೆ ಹಚ್ಚಿದ್ದೆಲ್ಲವನ್ನೂ ಮೊಲ ನೆಕ್ಕಿ ನುಂಗುತ್ತದೆ ಎಂಬುದು ನೆನಪಿರಲಿ. ಟಾಲ್ಕಂ ಪೌಡರ್ ಶ್ವಾಸಕೋಶಕ್ಕೆ ಹೋಗುವುದರಿಂದ ಅದೂ ಬೇಡ.

ತೊಳೆದ ಬಳಿಕ ಒಣ ಟವೆಲ್‌ನಿಂದ ಒತ್ತಿ, ಬುಡದವರೆಗೂ ಒಣಗಿಸಬೇಕು. ಉದ್ದ ಕೂದಲಿನ ಮೊಲವಾದರೆ ಹಿಂಭಾಗದ ಕೂದಲನ್ನು ಗಿಡ್ಡವಾಗಿ ಕತ್ತರಿಸಿಡುವುದು ಉತ್ತಮ. ಕತ್ತರಿಯ ಬದಲು ಸಣ್ಣ ಟ್ರಿಮ್ಮರ್ ಬಳಸಬಹುದು. ಮೊಲದ ಚರ್ಮ ಕಾಗದದಷ್ಟು ತೆಳು. ಗಂಟನ್ನು ಎತ್ತಿ ಹಿಡಿದಾಗ ಚರ್ಮವೂ ಮೇಲೆದ್ದು ಕತ್ತರಿಗೆ ಸಿಗುತ್ತದೆ.

ಮಳೆಗಾಲದ ಶತ್ರು: ನೊಣ

ಜೂನ್‌ನಿಂದ ಅಕ್ಟೋಬರ್‌ವರೆಗೆ ನೊಣಗಳ ಹಾವಳಿ ಹೆಚ್ಚು. ದನಕರುಗಳ ಗಾಯಕ್ಕೆ ಹುಳು ಬೀಳುವುದನ್ನು ಈ ಭಾಗದ ರೈತರೆಲ್ಲ ಬಲ್ಲರು. ಮೊಲದಲ್ಲಿ ಗಾಯವೇ ಬೇಕಿಲ್ಲ, ಒದ್ದೆಯಾದ ಕೊಳಕು ಹಿಂಭಾಗ ಸಾಕು. ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮೊಟ್ಟೆಯೊಡೆದು ಹೊರಬರುವ ಹುಳುಗಳು ಜೀವಂತ ಮಾಂಸವನ್ನು ಕೊರೆಯತೊಡಗುತ್ತವೆ. ಬೆಳಿಗ್ಗೆ ಚೆನ್ನಾಗಿದ್ದ ಮೊಲ ಮರುದಿನ ಸಾಯುವ ಸ್ಥಿತಿ ತಲುಪಬಹುದು.

ಮಳೆಗಾಲದಲ್ಲಿ ದಿನಕ್ಕೆ ಎರಡು ಬಾರಿ ಬಾಲದ ಕೆಳಭಾಗ ನೋಡಬೇಕು. ಕೂದಲಿಗೆ ಅಂಟಿದ ಅಕ್ಕಿನುಚ್ಚಿನಂತಹ ಬಿಳಿ ಮೊಟ್ಟೆ ಕಂಡರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಬೇಕು. ಹುಳು ಕಂಡರೆ ಕ್ಷಣವೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಫಿನಾಯಿಲ್‌ಗಳನ್ನು ಮೊಲಕ್ಕೆ ಹಾಕಬಾರದು. ಗೂಡಿನ ಸುತ್ತ ಸೊಳ್ಳೆ ಪರದೆ ಕಟ್ಟುವುದು ಅಗ್ಗದ, ಪರಿಣಾಮಕಾರಿ ಉಪಾಯ.

ಕೂದಲು ಉದುರುವ ಕಾಲ

ಮೊಲ ವರ್ಷದಲ್ಲಿ ಕೆಲವು ಬಾರಿ ಕೂದಲು ಬದಲಿಸುತ್ತದೆ. ಸಾಮಾನ್ಯ ದಿನಗಳಲ್ಲಿ ವಾರಕ್ಕೊಮ್ಮೆ ಬಾಚಿದರೆ ಸಾಕು. ಉದುರುವ ಕಾಲದಲ್ಲಿ ನಿತ್ಯ ಬಾಚಬೇಕು. ಮೃದುವಾದ ಬ್ರಷ್ ಅಥವಾ ರಬ್ಬರ್ ಬ್ರಷ್ ಒಳ್ಳೆಯದು. ಸಡಿಲವಾದ ಕೂದಲನ್ನು ಒದ್ದೆ ಕೈಯಿಂದ ಸವರಿಯೂ ತೆಗೆಯಬಹುದು.

ಇದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನೆಕ್ಕುವಾಗ ನುಂಗಿದ ಕೂದಲು ಮಲದ ಮೂಲಕವೇ ಹೊರಹೋಗಬೇಕು. ನಾರಿನಂಶದ ಹುಲ್ಲು ಸಾಕಷ್ಟು ತಿನ್ನುವ ಮೊಲದಲ್ಲಿ ಇದು ಸರಾಗ. ಹುಲ್ಲು ಕಡಿಮೆಯಾದರೆ ಕರುಳು ನಿಧಾನವಾಗಿ ಕೂದಲು ಕಟ್ಟಿಕೊಳ್ಳುತ್ತದೆ. ಹಿಕ್ಕೆಗಳು ಕೂದಲಿನಿಂದ ಮಣಿಸರದಂತೆ ಜೋತುಕೊಂಡು ಬರುವುದು ಇದರ ಮುನ್ಸೂಚನೆ. ಆಗ ಹುಲ್ಲು, ನೀರು ಎರಡನ್ನೂ ಹೆಚ್ಚಿಸಬೇಕು.

ಉಣ್ಣೆಗಾಗಿ ಸಾಕುವ ಅಂಗೋರಾ ತಳಿಯ ಆರೈಕೆ ಇನ್ನೂ ಕಷ್ಟ. ಸುಮಾರು 3 ತಿಂಗಳಿಗೊಮ್ಮೆ ಅದರ ಉಣ್ಣೆ ಕತ್ತರಿಸಬೇಕು. ಹಿಮಾಚಲ, ಉತ್ತರಾಖಂಡದಂತಹ ಚಳಿಪ್ರದೇಶಗಳಿಗೆ ಹೊಂದುವ ಈ ತಳಿ ಹಾವೇರಿಯ ಬೇಸಿಗೆಗೆ ಹೇಳಿಸಿದ್ದಲ್ಲ.

ಉಗುರು

ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಮಣ್ಣು ತೋಡಿ ಸವೆಸುವ ಅವಕಾಶವಿಲ್ಲದ ಕಾರಣ ಮನೆಯ ಮೊಲದ ಉಗುರು ಬೆಳೆದು ಬಾಗುತ್ತದೆ, ಗೋಣಿಚೀಲ, ತಂತಿಗಳಿಗೆ ಸಿಕ್ಕಿ ಕಿತ್ತುಹೋಗುತ್ತದೆ. 4ರಿಂದ 6 ವಾರಕ್ಕೊಮ್ಮೆ ಕತ್ತರಿಸಬೇಕು. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಾದರೆ ಕೆಳಗಿನಿಂದ ಟಾರ್ಚ್ ಬೆಳಕು ಹಿಡಿದು ನೋಡಬೇಕು. ನಾಳಕ್ಕಿಂತ ಒಂದೆರಡು ಮಿಲಿಮೀಟರ್ ಮುಂದೆ ಮಾತ್ರ ಕತ್ತರಿಸಬೇಕು. ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಹತ್ತಿಯಿಂದ ಕೆಲಕಾಲ ಒತ್ತಿ ಹಿಡಿದರೆ ನಿಲ್ಲುತ್ತದೆ.

ಒದ್ದೆ ಗದ್ದ ಹಲ್ಲಿನ ದೂರು

ಮೊಲದ ಹಲ್ಲುಗಳು ಜೀವನವಿಡೀ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುವುದುಂಟು. ಹುಲ್ಲನ್ನು ಅಗಿಯುವಾಗಲೇ ಅವು ಸವೆಯಬೇಕು. ಮೆತ್ತನೆಯ ಆಹಾರ ತಿನ್ನುವ ಮೊಲದ ದವಡೆಹಲ್ಲುಗಳು ಚೂಪಾಗಿ ನಾಲಿಗೆ, ಕೆನ್ನೆಗೆ ಚುಚ್ಚುತ್ತವೆ. ಜೊಲ್ಲು ಸುರಿದು ಗದ್ದ, ಗಂಗೆದೊಗಲು ಒದ್ದೆಯಾಗಿ ಚರ್ಮ ಕೊಳೆಯುತ್ತದೆ. ಬಾಯಿನೋವಿನಿಂದ ಮೊಲ ಮೈ ನೆಕ್ಕಿಕೊಳ್ಳುವುದನ್ನೂ ಬಿಡುತ್ತದೆ. ಗದ್ದ ಒರೆಸುತ್ತ ಕೂರುವುದರಿಂದ ಪ್ರಯೋಜನವಿಲ್ಲ, ಹಲ್ಲು ತೋರಿಸಬೇಕು. ಉಗುರು ಕತ್ತರಿಸುವ ಸಾಧನದಿಂದ ಮನೆಯಲ್ಲಿ ಹಲ್ಲು ಕತ್ತರಿಸಿದರೆ ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ತುಂಬುವ ಅಪಾಯವಿದೆ.

ಮುಂಗಾಲಿನ ಒಳಭಾಗದ ಕೂದಲು ಅಂಟಂಟಾಗಿದ್ದರೆ ಮೊಲ ಸುರಿಯುವ ಮೂಗನ್ನು ಒರೆಸಿಕೊಳ್ಳುತ್ತಿದೆ ಎಂದರ್ಥ. ಇದು ಶ್ವಾಸಕೋಶದ ಸೋಂಕಿನ ಲಕ್ಷಣವಾಗಿರಬಹುದು. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಮೂಗು ಕಟ್ಟಿದರೆ ಬಾಯಿಂದ ಉಸಿರಾಡಿ ಸುಧಾರಿಸಿಕೊಳ್ಳುವುದು ಅದಕ್ಕೆ ಕಷ್ಟ. ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿ ಒಣಹಾಕುವ, ಕುಟ್ಟಿಸುವ ದಿನಗಳಲ್ಲಿ ಘಾಟು ತಾಗದ ಕಡೆಗೆ ಗೂಡನ್ನು ಸರಿಸಬೇಕು.

ಕಿವಿ, ಕಜ್ಜಿ ಮತ್ತು ಔಷಧದ ಎಚ್ಚರ

ಕಿವಿಯೊಳಗೆ ಕಂದು ಬಣ್ಣದ ಪದರಪದರ ಹೊಪ್ಪಳೆ ಕಟ್ಟಿ, ಮೊಲ ತಲೆ ಕೊಡವುತ್ತಿದ್ದರೆ ಅದು ಕಿವಿಯ ನುಸಿ. ಹೊಪ್ಪಳೆಯನ್ನು ಕೀಳಬಾರದು, ಕೆಳಗಿನ ಚರ್ಮ ಹಸಿಗಾಯವಾಗಿರುತ್ತದೆ. ಔಷಧ ಬಿದ್ದ ಮೇಲೆ ಅದು ತಾನಾಗಿ ಉದುರುತ್ತದೆ. ಮೂಗು, ಕಿವಿಯಂಚು, ಪಾದಗಳಲ್ಲಿ ಬೂದುಬಣ್ಣದ ಹೊಪ್ಪಳೆ ಎದ್ದರೆ ಕಜ್ಜಿ. ಕೂದಲು ವೃತ್ತಾಕಾರವಾಗಿ ಉದುರಿದ್ದರೆ ಗಜಕರ್ಣವಿರಬಹುದು. ಕಜ್ಜಿ, ಗಜಕರ್ಣ ಎರಡೂ ಮನುಷ್ಯರಿಗೆ ಹರಡಬಲ್ಲವು. ಮಕ್ಕಳು ಮೊಲ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ.

ಇಲ್ಲಿ ಔಷಧದ ಅಂಗಡಿಯ ಸಲಹೆ ನಂಬಿ ಮೋಸಹೋಗಬಾರದು. ನಾಯಿಗಳ ಉಣ್ಣೆ, ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಮೊಲಕ್ಕೆ ವಿಷ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂತಹ ಪ್ರತಿಜೀವಕಗಳು ಕುರುಡುಗರುಳಿನ ಉಪಯುಕ್ತ ಜೀವಾಣುಗಳನ್ನು ನಾಶಮಾಡಿ ಮೊಲವನ್ನು ಕೊಲ್ಲಬಲ್ಲವು. ನುಸಿಗೆ ಐವರ್‌ಮೆಕ್ಟಿನ್ ಬಳಕೆಯಲ್ಲಿದ್ದರೂ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು.

ಗೂಡು ಮತ್ತು ಹಾಸು

ಮೊಲದ ಪಾದಕ್ಕೆ ನಾಯಿ, ಬೆಕ್ಕುಗಳಂತೆ ಮೆತ್ತೆ ಇಲ್ಲ, ಕೂದಲಷ್ಟೇ ರಕ್ಷಣೆ. ತಂತಿನೆಲ ಅಥವಾ ಸದಾ ಒದ್ದೆಯಾದ ನೆಲದಲ್ಲಿ ಹಿಂಪಾದದ ಕೂದಲು ಸವೆದು ಹುಣ್ಣಾಗುತ್ತದೆ. ಸೋಂಕು ಮೂಳೆಗೆ ಇಳಿದರೆ ವಾಸಿಯಾಗುವುದು ದುಸ್ತರ. ತಂತಿಯ ಮೇಲೆ ಹಲಗೆ ಹಾಕಿ, ದಪ್ಪನಾಗಿ ಒಣ ಭತ್ತದ ಹುಲ್ಲು ಹಾಸಬೇಕು.

ಮೊಲ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಸ್ವಭಾವದ್ದು. ಆ ಮೂಲೆಗೆ ಪ್ಲಾಸ್ಟಿಕ್ ತಟ್ಟೆಯಿಟ್ಟು, ಕೆಳಗೆ ಹಳೆಯ ಪತ್ರಿಕೆ, ಮೇಲೆ ಹುಲ್ಲು ಹಾಕಿದರೆ ಬೇಗ ರೂಢಿಯಾಗುತ್ತದೆ. ತಟ್ಟೆಯನ್ನು ನಿತ್ಯ, ಗೂಡನ್ನು ವಾರಕ್ಕೊಮ್ಮೆ ತೊಳೆಯಬೇಕು. ಬಿಳಿಯಾಗಿ ಗಟ್ಟಿಗಟ್ಟಿದ ಮೂತ್ರದ ಕಲೆ ವಿನಿಗರ್‌ಗೆ ಬಿಡುತ್ತದೆ. ತೊಳೆದ ಗೂಡನ್ನು ಬಿಸಿಲಿನಲ್ಲಿ ಒಣಗಿಸಿದ ನಂತರವೇ ಮೊಲವನ್ನು ಬಿಡಬೇಕು. ಮೂಗಿಗೆ ಮೂತ್ರದ ಘಾಟು ಬಡಿಯುವಷ್ಟು ದಿನ ಬಿಟ್ಟರೆ ಅದೇ ಘಾಟು ಮೊಲದ ಶ್ವಾಸನಾಳವನ್ನು ಕೆಡಿಸುತ್ತದೆ.

ಶುಚಿತ್ವ ಆರಂಭವಾಗುವುದು ಮೇವಿನಿಂದ

ಆಹಾರದಲ್ಲಿ ಹುಲ್ಲಿನದೇ ಸಿಂಹಪಾಲು. ನಮ್ಮಲ್ಲಿ ಧಾರಾಳವಾಗಿ ಸಿಗುವ ಗರಿಕೆಯನ್ನು ಒಣಗಿಸಿಟ್ಟರೆ ಅದೇ ಉತ್ತಮ ಮೇವು. ಹಾವೇರಿ ಜಿಲ್ಲೆಯ ಮುಖ್ಯ ಬೆಳೆ ಗೋವಿನಜೋಳ ಮನೆಯಲ್ಲಿ ಇದ್ದೇ ಇರುತ್ತದೆಂದು ಅದರ ಕಾಳು ಹಾಕುವುದು ಸಾಮಾನ್ಯ ತಪ್ಪು. ಪಿಷ್ಟ ಹೆಚ್ಚಾಗಿ ಹೊಟ್ಟೆ ಕೆಡುತ್ತದೆ, ಹಿಂಭಾಗ ಕೊಳೆಯಾಗುತ್ತದೆ. ಬಿಸ್ಕತ್ತು, ಬ್ರೆಡ್, ಚಪಾತಿಗೂ ಇದೇ ಮಾತು. ಲೂಸರ್ನ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚು, ಬೆಳೆದ ಮೊಲಕ್ಕೆ ಅದೇ ನಿತ್ಯದ ಮೇವಾಗಬಾರದು. ಎಳೆ ಜೋಳದ ಪೈರು ದನಗಳಿಗೆ ವಿಷವಾಗುವುದು ರೈತರಿಗೆ ಗೊತ್ತು, ಮೊಲಕ್ಕೂ ಅದನ್ನು ಹಾಕಬಾರದು.

ಗಳಗನಾಥದಂತಹ ನದಿದಂಡೆಯಿಂದಾಗಲಿ, ಹೊಲದ ಬದುವಿನಿಂದಾಗಲಿ ಹುಲ್ಲು ತರುವವರು ಪಕ್ಕದ ಹತ್ತಿ, ಮೆಣಸಿನಕಾಯಿ, ಬೀಜೋತ್ಪಾದನೆಯ ತಾಕುಗಳಿಗೆ ಕೀಟನಾಶಕ ಸಿಂಪಡಿಸಿದ್ದಾರೆಯೇ ಎಂದು ವಿಚಾರಿಸಬೇಕು. ಸಿಂಪಡಿಸಿದ ಜಾಗದ ಹುಲ್ಲು ಬೇಡವೇ ಬೇಡ. ಉಳಿದದ್ದನ್ನೂ ತೊಳೆದು, ನೀರು ಆರಿದ ಮೇಲೆ ಹಾಕಬೇಕು. ಬೂಸ್ಟು ಹಿಡಿದ ಹುಲ್ಲನ್ನು ಹಾಸಿಗೆಗೂ ಬಳಸಬಾರದು. ಮೇವು ಬದಲಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಬೇಕು.

ಬೇಸಿಗೆ

ಮೊಲ ಬೆವರುವುದಿಲ್ಲ, ಕಿವಿಯ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸಂಕಟ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಬಿಸಿಲು ಅದನ್ನು ಸುಲಭವಾಗಿ ಮೀರುತ್ತದೆ. ತಗಡಿನ ಮಾಡಿನ ಕೆಳಗೆ ಗೂಡು ಇಡಬಾರದು. ಶಹಾಬಾದ್ ಕಲ್ಲಿನ ನೆಲವಿರುವ ಕೋಣೆ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ, ಗಾಳಿಯಾಡುವ ಕಿಟಕಿ ನೆರವಾಗುತ್ತವೆ. ಸೆಕೆಯೆಂದು ಸ್ನಾನ ಮಾಡಿಸುವುದು ಇಲ್ಲಿಯೂ ತಪ್ಪು. ಮೊಲ ಏದುಸಿರು ಬಿಡುತ್ತ ಬಿದ್ದುಕೊಂಡಿದ್ದರೆ ನೆರಳಿಗೆ ತಂದು, ಕಿವಿಗಳನ್ನು ತಂಪಾದ ನೀರಿನ ಬಟ್ಟೆಯಿಂದ ಒರೆಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಆರೈಕೆಯ ವೇಳಾಪಟ್ಟಿ

ನಿತ್ಯ: ಹಿಂಭಾಗ ನೋಡುವುದು, ಹಿಕ್ಕೆಯ ಗಾತ್ರ ಮತ್ತು ಪ್ರಮಾಣ ಗಮನಿಸುವುದು, ಮೂತ್ರದ ತಟ್ಟೆ, ನೀರಿನ ಪಾತ್ರೆ ತೊಳೆಯುವುದು.

ವಾರಕ್ಕೊಮ್ಮೆ: ಬಾಚುವುದು, ಕಿವಿ, ಗದ್ದ, ಮುಂಗಾಲು, ಪಾದದ ತಳ ಪರೀಕ್ಷಿಸುವುದು, ತೂಕ ನೋಡುವುದು, ಗೂಡು ತೊಳೆದು ಒಣಗಿಸುವುದು.

ತಿಂಗಳಿಗೊಮ್ಮೆ: ಉಗುರು ಮತ್ತು ಮುಂದಿನ ಹಲ್ಲು ನೋಡುವುದು.

ವರ್ಷಕ್ಕೊಮ್ಮೆ: ಪಶುವೈದ್ಯರಿಂದ ದವಡೆಹಲ್ಲು ಸೇರಿದಂತೆ ಪೂರ್ಣ ತಪಾಸಣೆ.

ವೈದ್ಯರಲ್ಲಿಗೆ ಯಾವಾಗ?

12 ಗಂಟೆ ಕಾಲ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ, ನೀರಿನಂತೆ ಭೇದಿಯಾದರೆ, ಹುಳು ಕಂಡರೆ, ಮೂತ್ರಕ್ಕೆ ತಿಣುಕಿದರೆ, ತಲೆ ಒಂದು ಪಕ್ಕಕ್ಕೆ ವಾಲಿದರೆ, ಬಾಯಿ ತೆರೆದು ಉಸಿರಾಡಿದರೆ ಮರುದಿನಕ್ಕೆ ಕಾಯಬಾರದು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಬೇಕು. ಹಲ್ಲಿನ ಅಥವಾ ಶಸ್ತ್ರಚಿಕಿತ್ಸೆಯ ಅಗತ್ಯ ಬಿದ್ದರೆ ಹಾವೇರಿ ಭಾಗದವರಿಗೆ ಶಿವಮೊಗ್ಗ ಮತ್ತು ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ಸೇವೆ ಮುಖ್ಯವಾಗಿ ಜಾನುವಾರುಗಳಿಗೆ ಮೀಸಲು.

ಮೊಲವನ್ನು ಒಯ್ಯುವಾಗ ಗಾಳಿಯಾಡುವ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಒಯ್ಯಬೇಕು. ನಾಯಿಗಳಿಂದ ದೂರ ಕೂರಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿ, ಬೆಕ್ಕುಗಳಂತೆ ಮೊಲವನ್ನು ಉಪವಾಸ ಕೆಡವುವ ಪದ್ಧತಿಯಿಲ್ಲ. ಆ ದಿನ ಹಾಕಿದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದರೆ ವೈದ್ಯರಿಗೆ ರೋಗ ಪತ್ತೆ ಸುಲಭವಾಗುತ್ತದೆ. ಚೆನ್ನಾಗಿ ನೋಡಿಕೊಂಡ ಸಾಕುಮೊಲ 8ರಿಂದ 10 ವರ್ಷ ಬದುಕುತ್ತದೆ. ಅಷ್ಟು ವರ್ಷದ ಹೊಣೆ ಹೊರಲು ಮನೆಯ ಹಿರಿಯರು ಸಿದ್ಧರಿದ್ದಾರೆಯೇ ಎಂಬುದನ್ನು ಮಕ್ಕಳಿಗೆ ಮೊಲ ತಂದುಕೊಡುವ ಮೊದಲೇ ನಿರ್ಧರಿಸಿಕೊಳ್ಳಬೇಕು.